ತುಂಬು ಬಸಿರಿನಲ್ಲಿ ಸಮುದ್ರ ದಾಟುವುದಾದರೆ: ಹಡಗೋ, ಸುರಂಗವೋ, ವಿಮಾನವೋ?

ಅಕ್ಕ ಇರುವುದು ಡಬ್ಲಿನ್‌ನಲ್ಲಿ. ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ. ನಡುವೆ ಐರಿಷ್ ಸಮುದ್ರ. ನಾನು ಮೊದಲ ಸಲ ಬಸುರಿಯಾದಾಗ ಸೀಮಂತ ತನ್ನ ಮನೆಯಲ್ಲೇ ಆಗಬೇಕು ಎಂದು ಅಕ್ಕ ಹಟ ಹಿಡಿದಳು. ಅಮ್ಮನ ವೀಸಾ ಇನ್ನೂ ಬಂದಿರಲಿಲ್ಲ. ಈ ಕಡೆಯಲ್ಲಿ ತವರು ಅಂತ ನನಗೆ ಇದ್ದದ್ದು ಅವಳೊಬ್ಬಳೇ. ಬೇಡ ಅನ್ನಲು ಮನಸ್ಸಾಗಲಿಲ್ಲ. 30 ವಾರ 5 ದಿನ ಆಗಿದ್ದಾಗ ಕಾರನ್ನು ಹಡಗಿಗೆ ಹತ್ತಿಸಿಕೊಂಡು ಹೋದೆವು. ಒಂದು ವಾರಕ್ಕೆ ವಾಪಸ್ ಎಂದು ಟಿಕೆಟ್ ಮಾಡಿದ್ದೆವು. ಅಕ್ಕ ಹಸಿರು ಬಳೆ ತೊಡಿಸಿದಳು, ಹೋಳಿಗೆ ಮಾಡಿದಳು, "ಇನ್ನೊಂದು ವಾರ ಇದ್ದು ಹೋಗೇ" ಎಂದಳು. ಟಿಕೆಟ್ ಮುಂದಕ್ಕೆ ಹಾಕಿದೆವು.

ವಾಪಸ್ ಬರುವ ದಿನ ಚೆಕ್-ಇನ್ ಕಿಟಕಿಯಲ್ಲಿ ಕೇಳಿದರು, ಎಷ್ಟು ವಾರ? 32 ವಾರ 5 ದಿನ ಎಂದೆ. ಡಾಕ್ಟರ ಪತ್ರ ಇದೆಯಾ? ಇರಲಿಲ್ಲ. ಆ ಕಂಪನಿಯ ನಿಯಮದಲ್ಲಿ 32 ವಾರ ದಾಟಿದವರಿಗೆ ಪತ್ರ ಬೇಕು ಎಂದು ಸ್ಪಷ್ಟವಾಗಿ ಬರೆದಿತ್ತು. ತಪ್ಪು ನಮ್ಮದೇ. ಹೋಗುವ ದಿನಕ್ಕೆ ವಾರದ ಲೆಕ್ಕ ಹಾಕಿದ್ದೆವು, ಬರುವ ದಿನಕ್ಕೆ ಹಾಕಿರಲಿಲ್ಲ. ಆ ಹಡಗು ನಮ್ಮ ಕಣ್ಣೆದುರೇ ಹೊರಟಿತು. ಅಕ್ಕನ ಪರಿಚಯದ ಡಾಕ್ಟರ ಹತ್ತಿರ ಓಡಿ, ಪರೀಕ್ಷೆ ಮಾಡಿಸಿ, ಪತ್ರ ಬರೆಸಿಕೊಂಡು ರಾತ್ರಿಯ ಹಡಗು ಹಿಡಿದೆವು. ಕಾಲು ಊದಿತ್ತು, ಸೊಂಟ ನೋಯುತ್ತಿತ್ತು, ಗಾಳಿ ಜೋರಿತ್ತು. ಆ ಮೂರು ಗಂಟೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಅಲ್ಲಿಂದೀಚೆಗೆ ನಮ್ಮೂರಿನ ಕನ್ನಡದವರಲ್ಲಿ ಯಾರಾದರೂ ಬಸುರಿಯಾಗಿ "ಡಬ್ಲಿನ್‌ಗೆ ಹೋಗಬಹುದಾ, ಪ್ಯಾರಿಸ್‌ಗೆ ಹೋಗಬಹುದಾ" ಎಂದು ಕೇಳಿದರೆ ಕೂತು ಮಾತಾಡುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮಿಡ್‌ವೈಫ್ ಬೇಡ ಎಂದರೆ ಇದನ್ನೆಲ್ಲ ಓದುವ ಅಗತ್ಯವೇ ಇಲ್ಲ, ಹೋಗಬೇಡಿ. ಹೋಗಬಹುದು ಎಂದರೆ ಯಾವ ದಾರಿ ಅನ್ನುವುದಷ್ಟೇ ಇಲ್ಲಿರುವ ಮಾತು.

ಯಾವುದನ್ನು ಅಳೆದು ನೋಡಬೇಕು

ಎಲ್ಲರೂ ಮೊದಲು ನೋಡುವುದು ಒಟ್ಟು ಎಷ್ಟು ಗಂಟೆ, ಎಷ್ಟು ದುಡ್ಡು ಎಂದು. ಕೊನೆಯ ಮೂರು ತಿಂಗಳಲ್ಲಿ ಆ ಲೆಕ್ಕ ಸಾಲದು. ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ದಡ ಬಿಟ್ಟ ಮೇಲೆ ಆಸ್ಪತ್ರೆ ಕೈಗೆ ಸಿಗದ ಹೊತ್ತು ಎಷ್ಟು? ವಾಪಸ್ ಬರುವ ದಿನ ನಿಮಗೆ ಎಷ್ಟು ವಾರ ಆಗಿರುತ್ತದೆ?

ನಾನು ಹುಟ್ಟಿದ್ದು ಕುಮಟಾ ಕಡೆ. ಅಘನಾಶಿನಿ ಊರಿಗೂ ತದಡಿಗೂ ನಡುವೆ ಹೊಳೆ. ದೋಣಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಆಚೆ ದಡ. ರಸ್ತೆಯಲ್ಲಿ ಹೋದರೆ ಕುಮಟಾ, ಮಿರ್ಜಾನ್ ಎಲ್ಲ ಸುತ್ತಬೇಕು. ತಾರಿ ದಾಟಿ ಬೆಳೆದವರಿಗೆ ಒಂದು ಗೊತ್ತಿರುತ್ತದೆ: ಬೆಳಿಗ್ಗೆ ದಾಟಿದ ಹೊಳೆ ಸಂಜೆಯೂ ದಾಟಲು ಬಿಡುತ್ತದೆ ಎಂದೇನಿಲ್ಲ. ನಾನು ಡಬ್ಲಿನ್‌ಗೆ ಹೊರಟಾಗ ಅಮ್ಮ ಫೋನಿನಲ್ಲಿ ಹೇಳಿದ್ದು ಅದನ್ನೇ. "ಕೂಸೇ, ಬಪ್ಪದು ಹ್ಯಾಂಗೆ ಹೇಳಿ ಮೊದ್ಲು ನೋಡ್ಕ." ನಾನು ಆ ಮಾತನ್ನು ಕೇಳಿಸಿಕೊಂಡೆ, ಟಿಕೆಟ್ ಮಾಡುವಾಗ ನೆನಪಿಸಿಕೊಳ್ಳಲಿಲ್ಲ.

ಇನ್ನೊಂದು ಗೊಂದಲ ತಿಂಗಳು ಮತ್ತು ವಾರದ್ದು. ನಮ್ಮ ಮನೆಗಳಲ್ಲಿ ಏಳು, ಎಂಟು, ಒಂಬತ್ತು ಎಂದು ತಿಂಗಳು ಎಣಿಸುತ್ತೇವೆ. ಇಲ್ಲಿ ಎಲ್ಲ ಕಂಪನಿಗಳೂ ವಾರ ಎಣಿಸುತ್ತವೆ, ಅದೂ ಕೊನೆಯ ಮುಟ್ಟಿನ ಮೊದಲ ದಿನದಿಂದ. "ಈಗಷ್ಟೇ ಏಳು ತುಂಬಿತು" ಎನ್ನುವವರಿಗೆ 31 ವಾರವೇ ಆಗಿರಬಹುದು. ಸ್ಕ್ಯಾನ್‌ನಲ್ಲಿ ಕೊಟ್ಟ ಹೆರಿಗೆ ದಿನಾಂಕ ಇಟ್ಟುಕೊಂಡು ಹಿಂದಕ್ಕೆ ಎಣಿಸಿ. 40 ವಾರಕ್ಕೆ ಆ ದಿನ. ಅದಕ್ಕಿಂತ ಎಂಟು ವಾರ ಹಿಂದಕ್ಕೆ ಹೋದರೆ 32. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಫೆರಿಯ ಮಟ್ಟಿಗೆ ಅದೇ ಗಡಿ. 32 ವಾರದ ನಂತರ ಅನೇಕ ಫೆರಿ ಕಂಪನಿಗಳು ಹತ್ತಿಸಿಕೊಳ್ಳದೇ ಇರಬಹುದು ಎಂದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕೂಡ ಎಚ್ಚರಿಸುತ್ತದೆ. ಕಂಪನಿಯಿಂದ ಕಂಪನಿಗೆ ನಿಯಮ ಬೇರೆ ಇರುವುದರಿಂದ ಟಿಕೆಟ್ ಮಾಡುವ ಮೊದಲೇ ಓದಿಕೊಳ್ಳಿ.

ಡಬ್ಲಿನ್‌ಗೆ: ಹಡಗು ಅಥವಾ ವಿಮಾನ

ನಮ್ಮವರು ಜಾಸ್ತಿ ಕೇಳುವುದು ಇದನ್ನೇ, ಹಾಗಾಗಿ ಇಲ್ಲೇ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ವೇಲ್ಸ್ ತೀರದ ಹೋಲಿಹೆಡ್‌ನಿಂದ ಡಬ್ಲಿನ್‌ಗೆ ದೊಡ್ಡ ಹಡಗಿನಲ್ಲಿ ಸುಮಾರು ಮೂರೂಕಾಲು ಗಂಟೆ. ಬೇಸಿಗೆಯಲ್ಲಿ ಓಡುವ ಡಬ್ಲಿನ್ ಸ್ವಿಫ್ಟ್ ಎಂಬ ವೇಗದ ಹಡಗಿನಲ್ಲಿ ಎರಡೂಕಾಲು ಗಂಟೆ. ಲಿವರ್‌ಪೂಲ್‌ನಿಂದ ಡಬ್ಲಿನ್‌ಗೆ ಎಂಟು ಗಂಟೆ ಹತ್ತಿರ ಹಿಡಿಯುತ್ತಿದ್ದ ಪಿ ಆ್ಯಂಡ್ ಓ ಕಂಪನಿಯ ಹಡಗು 2023ರ ಕೊನೆಯಲ್ಲಿ ನಿಂತುಹೋಯಿತು. ವಿಮಾನದಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಡಬ್ಲಿನ್‌ಗೆ ಒಂದು ಗಂಟೆ ಚಿಲ್ಲರೆ.

ಆಕಾಶದಲ್ಲಿ ಒಂದು ಗಂಟೆ, ನೀರಿನಲ್ಲಿ ಮೂರೂಕಾಲು. ನನ್ನ ಮೊದಲ ಪ್ರಶ್ನೆಗೆ ವಿಮಾನವೇ ಸರಿಯಾದ ಉತ್ತರ. ಎರಡನೇ ಪ್ರಶ್ನೆಗೂ ಅದೇ. ವಿಮಾನದವರು ಹಡಗಿನವರಿಗಿಂತ ಹೆಚ್ಚು ವಾರದವರೆಗೆ ಹತ್ತಿಸಿಕೊಳ್ಳುತ್ತಾರೆ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಒಂದೇ ಮಗುವಾದರೆ 36ನೇ ವಾರದ ಕೊನೆಯವರೆಗೆ ಹೋಗಬಹುದು. ಈಸಿಜೆಟ್‌ನಲ್ಲಿ 35ನೇ ವಾರದ ಕೊನೆಯವರೆಗೆ. ರಯಾನ್‌ಏರ್‌ನಲ್ಲೂ 36ನೇ ವಾರದ ಕೊನೆಯವರೆಗೆ ಬಿಡುತ್ತಾರೆ, ಆದರೆ 28 ವಾರ ಆದಮೇಲೆ ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂಬ ಪತ್ರ ಬೇಕು. ಅವಳಿ ಮಕ್ಕಳಾದರೆ ಮೂರರಲ್ಲೂ 32ನೇ ವಾರಕ್ಕೇ ನಿಲ್ಲುತ್ತದೆ.

ಹಾಗಾದರೆ ಯಾರಾದರೂ ಹಡಗು ಯಾಕೆ ಹಿಡಿಯಬೇಕು? ನಾನು ಹಿಡಿದದ್ದಕ್ಕೆ ಕಾರಣ ಇತ್ತು. ವಿಮಾನದ ಇಕ್ಕಟ್ಟಿನ ಸೀಟಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂರಬೇಕು. ಸೆಕ್ಯುರಿಟಿ ಸಾಲಿನಲ್ಲಿ ನಿಲ್ಲಬೇಕು, ಗೇಟಿನವರೆಗೆ ನಡೆಯಬೇಕು. ಹಡಗಿನಲ್ಲಿ ಬೇಕೆಂದಾಗ ಎದ್ದು ಓಡಾಡಬಹುದು. ಬಸಿರಿನಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂತರೆ ಇನ್ನೂ ಹೆಚ್ಚುತ್ತದೆ. ಹಾಗಾಗಿ ನಡೆಯುವ ಅವಕಾಶ ಸಣ್ಣ ಲಾಭವೇನಲ್ಲ. ಶೌಚಾಲಯ ಹತ್ತಿರ ಇರುತ್ತದೆ. ಸ್ವಲ್ಪ ದುಡ್ಡು ಕೊಟ್ಟರೆ ಮೂರು ಗಂಟೆಗೂ ಕ್ಯಾಬಿನ್ ಸಿಗುತ್ತದೆ. ಎಡಗಡೆ ತಿರುಗಿ ಮಲಗಬಹುದು. ಬ್ಯಾಗಿನ ತೂಕದ ಚಿಂತೆ ಇಲ್ಲ, ಎಲ್ಲ ಕಾರಿನಲ್ಲೇ. ರಕ್ತ ತುಂಬ ಕಡಿಮೆ ಇರುವವರಿಗೆ ವಿಮಾನ ಬೇಡ ಎಂದು ಡಾಕ್ಟರು ಹೇಳುವುದುಂಟು. ಯಾಕೆಂದರೆ ಅಲ್ಲಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯಂತೆ ತೆಳುವಾಗಿರುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವವರು ಬಹಳ ಮಂದಿ, ಅಲ್ವಾ? ಹಿಮೋಗ್ಲೋಬಿನ್ ಎಷ್ಟಿದೆ ಎಂದು ಮಿಡ್‌ವೈಫ್ ಹತ್ತಿರ ಕೇಳಿಕೊಂಡೇ ವಿಮಾನದ ಮಾತಾಡಿ.

ಹಡಗಿನ ವಿರುದ್ಧದ ಮಾತುಗಳೂ ಅಷ್ಟೇ ಗಟ್ಟಿ. ಬರ್ಮಿಂಗ್‌ಹ್ಯಾಮ್‌ನಿಂದ ಹೋಲಿಹೆಡ್‌ಗೆ ಕಾರಿನಲ್ಲಿ ಮೂರು ಗಂಟೆ. ನಿಂತು ನಿಂತು ಹೋದರೆ ನಾಲ್ಕು. ಮುಂಚಿತವಾಗಿ ತಲುಪಿ ಕಾಯಬೇಕು. ಒಟ್ಟು ಒಂಬತ್ತು ಗಂಟೆಯ ದಿನ ಅದು. ಸಣ್ಣ ಮಾರ್ಗದ ಫೆರಿಗಳಲ್ಲಿ ಸಾಮಾನ್ಯವಾಗಿ ಡಾಕ್ಟರ್ ಇರುವುದಿಲ್ಲ. ಪ್ರಥಮ ಚಿಕಿತ್ಸೆ ಕಲಿತ ಸಿಬ್ಬಂದಿ ಇರುತ್ತಾರೆ. ತೀರಾ ತುರ್ತಾದರೆ ಕೋಸ್ಟ್‌ಗಾರ್ಡ್ ಹೆಲಿಕಾಪ್ಟರ್ ಬರಬೇಕು. ನಡುಸಮುದ್ರದಲ್ಲಿ ಫೋನಿನ ಸಿಗ್ನಲ್ ಹೋಗುತ್ತದೆ. ಮಗು ಒದೆಯುವುದು ಕಡಿಮೆಯಾಯಿತು ಅನ್ನಿಸಿದಾಗ ಮನೆಯಲ್ಲಾದರೆ ತಕ್ಷಣ ಆಸ್ಪತ್ರೆಗೆ ಫೋನ್ ಮಾಡುತ್ತೀರಿ. ಅಲ್ಲಿ ಅದು ಆಗುವುದಿಲ್ಲ. ನನಗೆ ಆ ರಾತ್ರಿ ಹೆದರಿಕೆಯಾದದ್ದು ಅಲೆಗಲ್ಲ, ಇದಕ್ಕೆ. ಮಗು ಸುಮ್ಮನೆ ನಿದ್ದೆ ಮಾಡುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಆ ಹೊತ್ತಿನಲ್ಲಿ ಗೊತ್ತಾಗಬೇಕಲ್ಲ.

ಹವೆಯನ್ನೂ ಮರೆಯಬಾರದು. 2024ರ ಡಿಸೆಂಬರಿನಲ್ಲಿ ಡಾರಾ ಎಂಬ ಬಿರುಗಾಳಿ ಬಂದ ಹೊತ್ತಿನಲ್ಲಿ ಹೋಲಿಹೆಡ್ ಬಂದರಿಗೆ ಪೆಟ್ಟಾಗಿ, ಮತ್ತೆ ಹಡಗು ಶುರುವಾದದ್ದು 2025ರ ಜನವರಿ 16ಕ್ಕೆ. ಕ್ರಿಸ್‌ಮಸ್‌ಗೆ ಮನೆಗೆ ಹೋಗಬೇಕಿದ್ದವರೆಲ್ಲ ಬೇರೆ ದಾರಿ ಹುಡುಕಿದರು. 31 ವಾರಕ್ಕೆ ಆಚೆ ಹೋದ ಬಸುರಿ ಅಂಥದ್ದರಲ್ಲಿ ಸಿಕ್ಕಿಕೊಂಡರೆ ಐದು ವಾರ ಕಳೆದು 36 ಆಗಿರುತ್ತದೆ. ಆಗ ಹಡಗೂ ಇಲ್ಲ, ವಿಮಾನಕ್ಕೂ ಕೊನೆಯ ವಾರ.

ನನ್ನ ತೀರ್ಮಾನ ಹೀಗಿದೆ. ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ, ವಾಪಸ್ ಬರುವ ದಿನಕ್ಕೆ 30 ವಾರ ದಾಟದಿದ್ದರೆ, ಮತ್ತು ನಿಮ್ಮ ಮನೆ ಮ್ಯಾಂಚೆಸ್ಟರ್, ಚೆಸ್ಟರ್, ಲಿವರ್‌ಪೂಲ್ ಕಡೆ ಇದ್ದು ಹೋಲಿಹೆಡ್ ಹತ್ತಿರವಾಗಿದ್ದರೆ ಹಡಗು ಒಳ್ಳೆಯದೇ. ವೇಗದ ಹಡಗಿಗಿಂತ ದೊಡ್ಡ ಹಡಗನ್ನೇ ಆರಿಸಿ. ಒಂದು ಗಂಟೆ ಉಳಿಯುತ್ತದೆ ಎಂದು ಆಸೆಪಡಬೇಡಿ, ಹಗುರ ಹಡಗು ಅಲೆಗೆ ಹೆಚ್ಚು ಕುಲುಕುತ್ತದೆ, ಗಾಳಿ ಎದ್ದರೆ ಮೊದಲು ರದ್ದಾಗುವುದೂ ಅದೇ. ಉಳಿದವರೆಲ್ಲ ವಿಮಾನ ಹಿಡಿಯಿರಿ. ಲಂಡನ್‌ನಿಂದ ಕಾರಿನಲ್ಲಿ ಹೋಲಿಹೆಡ್‌ಗೆ ಹೋಗಿ ಹಡಗು ಹತ್ತುವುದು ಬಸುರಿಗೆ ಮಾಡುವ ಅನ್ಯಾಯ.

ಐರ್ಲೆಂಡ್ ಎಂದಾಗ ನಮ್ಮ ಮನೆಗಳಲ್ಲಿ ಇನ್ನೊಂದು ಹೆದರಿಕೆ ಬರುತ್ತದೆ. ಬೆಳಗಾವಿಯ ಸವಿತಾ ಹಾಲಪ್ಪನವರ 2012ರಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ, ಕೇಳಿದರೂ ಗರ್ಭಪಾತ ಮಾಡದೆ ಹೋದದ್ದರಿಂದ, ತೀರಿಕೊಂಡದ್ದನ್ನು ಅಮ್ಮ ಮರೆತಿಲ್ಲ, ನಾವೂ ಮರೆತಿಲ್ಲ. ಆ ಸಾವಿನ ನಂತರ ಎದ್ದ ದನಿಯಿಂದಲೇ 2018ರಲ್ಲಿ ಅಲ್ಲಿನ ಜನ ಮತ ಹಾಕಿ ಗರ್ಭಪಾತಕ್ಕೆ ಅಡ್ಡಿಯಾಗಿದ್ದ ಸಂವಿಧಾನದ ವಿಧಿಯನ್ನು ತೆಗೆದರು. ಈಗ ಕಾನೂನು ಬೇರೆ. ಡಬ್ಲಿನ್‌ನಲ್ಲಿ ಹೆರಿಗೆಗೇ ಮೀಸಲಾದ ದೊಡ್ಡ ಆಸ್ಪತ್ರೆಗಳು ಮೂರಿವೆ. ಅದರಲ್ಲಿ ರೊಟಂಡಾ 1745ರಿಂದ ನಡೆದುಬಂದದ್ದು. ಅಲ್ಲಿ ಇಳಿದ ಮೇಲೆ ಆರೈಕೆ ಸಿಗುತ್ತದೆಯೇ ಎಂಬ ಚಿಂತೆ ಬೇಡ. ಚಿಂತೆ ನಡುವಿನ ನೀರಿನದ್ದು ಮಾತ್ರ.

ಭಾರತದ ಪಾಸ್‌ಪೋರ್ಟ್ ಇದ್ದರೆ ಐರ್ಲೆಂಡ್ ವೀಸಾ ಬೇಕು, ಯುಕೆಯಲ್ಲಿ ಐಎಲ್‌ಆರ್ (ಕಾಯಂ ಆಗಿ ಉಳಿಯುವ ಅನುಮತಿ) ಇದ್ದರೂ ಬೇಕು. "ಬೆಲ್‌ಫಾಸ್ಟ್ ಯುಕೆಯೊಳಗೇ ಇದೆ, ಅಲ್ಲಿವರೆಗೆ ವೀಸಾ ಬೇಡವಲ್ಲ, ಅಲ್ಲಿಂದ ಕಾರಿನಲ್ಲಿ ಇಳಿದುಬಿಡೋಣ" ಎನ್ನುವವರಿದ್ದಾರೆ. ರಸ್ತೆಯಲ್ಲಿ ಗಡಿ ಕಾಣಿಸುವುದಿಲ್ಲ, ಆದರೆ ಕಾನೂನಿನಲ್ಲಿ ಗಡಿ ಇದೆ. ಆಸ್ಪತ್ರೆ ಸೇರುವ ಪರಿಸ್ಥಿತಿ ಬಂದರೆ ವೀಸಾ ಇಲ್ಲದೆ ಅಲ್ಲಿರುವುದು ಎಷ್ಟು ಕಷ್ಟ ಎಂದು ಯೋಚಿಸಿ. ಬೆಲ್‌ಫಾಸ್ಟ್ ನೋಡಬೇಕು ಅಂತಲೇ ಆದರೆ ಸ್ಕಾಟ್ಲೆಂಡಿನ ಕೆರ್ನ್‌ರಯನ್‌ನಿಂದ ಎರಡು ಗಂಟೆ ಚಿಲ್ಲರೆಯ ಹಡಗಿದೆ. ಗ್ಲಾಸ್ಗೋದಲ್ಲಿರುವವರಿಗೆ ಅದು ಸುಲಭ.

ಫ್ರಾನ್ಸ್‌ಗೆ: ಇಲ್ಲಿ ಸುರಂಗವೇ

ಇದರಲ್ಲಿ ನನಗೆ ಅನುಮಾನವೇ ಇಲ್ಲ. ಡೋವರ್‌ನಿಂದ ಕ್ಯಾಲೆಗೆ ಹಡಗಿನಲ್ಲಿ ಒಂದೂವರೆ ಗಂಟೆ, ಡಂಕರ್ಕ್‌ಗೆ ಎರಡು ಗಂಟೆ. ಫೋಕ್‌ಸ್ಟನ್‌ನಿಂದ ಕಾರನ್ನು ರೈಲಿಗೆ ಹತ್ತಿಸಿ ಸುರಂಗದಲ್ಲಿ ಹೋದರೆ 35 ನಿಮಿಷ. 1994ರಲ್ಲಿ ತೆರೆದ ಈ ಸುರಂಗ 50 ಕಿಲೋಮೀಟರ್ ಉದ್ದ, ಅದರಲ್ಲಿ 38 ಕಿಲೋಮೀಟರ್ ಸಮುದ್ರದ ತಳದ ಕೆಳಗೆ. ಅಲೆ ಇಲ್ಲ, ಓಲಾಟ ಇಲ್ಲ, ವಾಂತಿ ಇಲ್ಲ. ನಿಮ್ಮ ಕಾರಿನಲ್ಲೇ ಸೀಟು ಹಿಂದಕ್ಕೆ ಒರಗಿಸಿಕೊಂಡು ಕೂರಬಹುದು, ಪಕ್ಕದಲ್ಲೇ ಇಳಿದು ನಿಲ್ಲಬಹುದು. ಹಡಗಿನಲ್ಲಾದರೆ ಕಾರು ನಿಲ್ಲಿಸಿ ಮೇಲೆ ಹೋಗಲೇಬೇಕು, ಕಾರಿನ ಡೆಕ್ಕಿಗೆ ದಾರಿ ಮುಗಿಯುವವರೆಗೆ ಬಿಡುವುದಿಲ್ಲ. ಸುರಂಗದ ರೈಲಿನಲ್ಲಿ ಶೌಚಾಲಯ ಎಲ್ಲ ಬೋಗಿಯಲ್ಲೂ ಇರುವುದಿಲ್ಲ, ಆದ್ದರಿಂದ ಟರ್ಮಿನಲ್‌ನಲ್ಲೇ ಹೋಗಿಬನ್ನಿ. ಫೋಕ್‌ಸ್ಟನ್ ಹತ್ತಿರದ ಆಶ್‌ಫರ್ಡ್‌ನಲ್ಲಿ ಹೆರಿಗೆ ವಿಭಾಗ ಇರುವ ಆಸ್ಪತ್ರೆ ಇದೆ, ಆಚೆ ಕ್ಯಾಲೆಯಲ್ಲೂ ಆಸ್ಪತ್ರೆ ಇದೆ. ಅಂದರೆ ಆಸ್ಪತ್ರೆಯಿಂದ ದೂರ ಇರುವ ಹೊತ್ತು ಒಂದು ಗಂಟೆಯ ಆಸುಪಾಸು ಮಾತ್ರ.

ಕಾರು ಬೇಡ ಎಂದರೆ ಲಂಡನ್‌ನಿಂದ ಪ್ಯಾರಿಸ್‌ಗೆ ಯೂರೋಸ್ಟಾರ್ ರೈಲು, ಎರಡೂಕಾಲು ಗಂಟೆ ಚಿಲ್ಲರೆ. ಹಜಾರದಲ್ಲಿ ಓಡಾಡಬಹುದು. ಕಾರಿನಲ್ಲಿ ಪ್ಯಾರಿಸ್‌ವರೆಗೆ ಕೂರುವುದಕ್ಕಿಂತ ಸೊಂಟಕ್ಕೆ ಇದೇ ಹಿತ.

ಎಲ್ಲ ದಾರಿಯಲ್ಲೂ ಗಡಿಯ ಸಾಲು ಒಂದು ಇದೆ. 2025ರ ಅಕ್ಟೋಬರ್ 12ರಿಂದ ಯುರೋಪ್ ಒಕ್ಕೂಟ ಹೊಸ ಪದ್ಧತಿ ತಂದಿದೆ, ನಮ್ಮಂಥವರ ಬೆರಳಚ್ಚು, ಫೋಟೊ ತೆಗೆಯುತ್ತಾರೆ. ನಿಲ್ಲಲು ಕಷ್ಟವಾದರೆ ಹೇಳಿ. ಹೊಟ್ಟೆ ಕಾಣುತ್ತಿದೆಯಲ್ಲ ಎಂದು ಸುಮ್ನೆ ನಿಂತರೆ ಯಾರೂ ತಾವಾಗಿ ಕರೆಯುವುದಿಲ್ಲ.

ಡೋವರ್ ಹಡಗಿಗೆ ಏನೂ ಒಳ್ಳೆಯದಿಲ್ಲವೇ? ಇದೆ. ಸುರಂಗಕ್ಕಿಂತ ಟಿಕೆಟ್ ಅಗ್ಗವಾಗಿ ಸಿಗುವುದುಂಟು. ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರಿಗೆ ಡೆಕ್ಕಿನ ಗಾಳಿ ಹಿತ. 28 ವಾರದ ಒಳಗೆ, ಶಾಂತ ದಿನದಲ್ಲಿ ಅದು ಚೆಂದದ ಪಯಣ. ಬಿಳಿ ಬಂಡೆಗಳನ್ನು ನೋಡುತ್ತ ಹೋಗುವುದು ನನಗೂ ಇಷ್ಟ.

ರಾತ್ರಿಯ ಹಡಗು ಮತ್ತು ದೂರದ ಹಡಗು

"ಮಲಗಿಕೊಂಡೇ ಹೋಗಬಹುದಲ್ಲ" ಎಂದು ಈ ಹಡಗುಗಳು ಆಸೆ ಹುಟ್ಟಿಸುತ್ತವೆ. ಹಾರ್ವಿಚ್‌ನಿಂದ ಹಾಲೆಂಡಿಗೆ ಸುಮಾರು ಏಳು ಗಂಟೆ. ಹಲ್‌ನಿಂದ ರಾಟರ್‌ಡ್ಯಾಮ್‌ಗೆ ಒಂದು ಇಡೀ ರಾತ್ರಿ. ನ್ಯೂಕಾಸಲ್‌ನಿಂದ ಆಮ್‌ಸ್ಟರ್‌ಡ್ಯಾಮ್ ಹತ್ತಿರದ ಬಂದರಿಗೆ ಹದಿನೈದು ಗಂಟೆಗೂ ಹೆಚ್ಚು. ಪೋರ್ಟ್ಸ್‌ಮತ್‌ನಿಂದ ಸ್ಪೇನ್‌ಗೆ ಒಂದು ದಿನಕ್ಕಿಂತ ಜಾಸ್ತಿ, ಅದೂ ಬಿಸ್ಕೆ ಕೊಲ್ಲಿ ದಾಟಿ. ಕೊನೆಯ ಮೂರು ತಿಂಗಳಲ್ಲಿ ಇವು ಯಾವುವೂ ಬೇಡ ಎಂದು ನಾನು ನೇರವಾಗಿ ಹೇಳುತ್ತೇನೆ. ಮೆತ್ತನೆ ಹಾಸಿಗೆ ಇದ್ದರೂ ನಡುರಾತ್ರಿ ಉತ್ತರ ಸಮುದ್ರದ ಮಧ್ಯೆ ನೋವು ಶುರುವಾದರೆ ಆ ಹಾಸಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಆಮ್‌ಸ್ಟರ್‌ಡ್ಯಾಮ್‌ಗೆ ವಿಮಾನ ಒಂದೂಕಾಲು ಗಂಟೆಯದ್ದು.

ಕ್ರೂಸ್ ಹಡಗಿನ ಮಾತೇ ಬೇರೆ. ಅವರಲ್ಲಿ ಹೆಚ್ಚಿನವರು 24 ವಾರಕ್ಕೇ ನಿಲ್ಲಿಸುತ್ತಾರೆ.

ದ್ವೀಪದ ಜನರಿಂದ ಕಲಿಯಬೇಕಾದದ್ದು

ವೈಟ್ ದ್ವೀಪಕ್ಕೆ ಒಂದು ದಿನ ಹೋಗಿಬರೋಣ ಎಂದು ಬೇಸಿಗೆಯಲ್ಲಿ ಅನೇಕರು ಕೇಳುತ್ತಾರೆ. ಪೋರ್ಟ್ಸ್‌ಮತ್‌ನಿಂದ ರೈಡ್‌ಗೆ ಕ್ಯಾಟಮರಾನ್ 22 ನಿಮಿಷ, ಹೋವರ್‌ಕ್ರಾಫ್ಟ್ 10 ನಿಮಿಷ, ಫಿಶ್‌ಬೋರ್ನ್‌ಗೆ ಕಾರಿನ ಹಡಗು 45 ನಿಮಿಷ. ಇಲ್ಲಿ ನಿಧಾನದ್ದೇ ವಾಸಿ. ಕಾರಿನ ಹಡಗು ಹೆಚ್ಚು ಅಲುಗಾಡುವುದಿಲ್ಲ. ದ್ವೀಪದ ನ್ಯೂಪೋರ್ಟ್‌ನಲ್ಲಿ ಹೆರಿಗೆ ಮಾಡಿಸುವ ಆಸ್ಪತ್ರೆಯೂ ಇದೆ. ಹಾಗಾಗಿ 34 ವಾರಕ್ಕೂ, ಕಂಪನಿಯ ಒಪ್ಪಿಗೆ ಇದ್ದರೆ, ನನಗೆ ಇದರಲ್ಲಿ ಅಂಥ ಹೆದರಿಕೆ ಕಾಣುವುದಿಲ್ಲ.

ಸಿಲ್ಲಿ ದ್ವೀಪಗಳದ್ದು ಹಾಗಲ್ಲ. ಪೆನ್ಜಾನ್ಸ್‌ನಿಂದ ಹೋಗುವ ಸಿಲ್ಲೋನಿಯನ್ ಹಡಗಿಗೆ ಎರಡೂಮುಕ್ಕಾಲು ಗಂಟೆ ಬೇಕು. ಆಳವಿಲ್ಲದ ಬಂದರಿಗೆ ಹೋಗಬೇಕಾದ್ದರಿಂದ ಅದರ ತಳ ಹೆಚ್ಚು ಆಳ ಇಲ್ಲ, ಅಲೆಗೆ ತುಂಬ ಓಲಾಡುತ್ತದೆ. ಚಳಿಗಾಲದಲ್ಲಿ ಓಡುವುದೇ ಇಲ್ಲ. ಅಲ್ಲಿನ ಬಸುರಿಯರೇ ದಿನ ಹತ್ತಿರವಾಗುವ ಮೊದಲು ದೊಡ್ಡ ನೆಲಕ್ಕೆ ಬಂದು ಉಳಿಯುತ್ತಾರೆ. ನೀರಿನ ಜೊತೆ ದಿನವೂ ಬದುಕುವವರು ಕೊನೆಯ ವಾರಗಳಲ್ಲಿ ಹಡಗನ್ನು ನಂಬಿ ಕೂರುವುದಿಲ್ಲ. ಪ್ರವಾಸಕ್ಕೆ ಹೋಗುವ ನಾವು ಯಾಕೆ ನಂಬಬೇಕು?

ಮಗು ಆಚೆ ದಡದಲ್ಲಿ ಹುಟ್ಟಿಬಿಟ್ಟರೆ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ತಂದೆಗೋ ತಾಯಿಗೋ ಐಎಲ್‌ಆರ್ ಇದ್ದು ಮಗು ಯುಕೆಯಲ್ಲಿ ಹುಟ್ಟಿದರೆ ಅದು ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ. ಅದೇ ಮಗು ಕ್ಯಾಲೆಯಲ್ಲೋ ಡಬ್ಲಿನ್‌ನಲ್ಲೋ ಹುಟ್ಟಿದರೆ ಬರೀ ಐಎಲ್‌ಆರ್ ಮೇಲೆ ಹಾಗಾಗುವುದಿಲ್ಲ. ತಂದೆತಾಯಿ ಕೆಲಸದ ವೀಸಾದಲ್ಲಿದ್ದರೆ, ಮಗುವಿಗೆ ಆ ದೇಶದ ಭಾರತೀಯ ರಾಯಭಾರ ಕಚೇರಿಯಿಂದ ಪಾಸ್‌ಪೋರ್ಟ್ ಮಾಡಿಸಬೇಕು, ಆಮೇಲೆ ಯುಕೆ ವೀಸಾ ಹಾಕಬೇಕು, ಆಮೇಲೆ ಮನೆಗೆ ಬರಬೇಕು. ದಿನ ತುಂಬದೆ ಹುಟ್ಟಿದ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಬಾಣಂತಿ ಹೋಟೆಲಿನಲ್ಲಿ ಇದ್ದುಕೊಂಡು, ಗಂಡ ಅರ್ಜಿ ಹಿಡಿದು ಅಲೆಯುವುದನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಎರಡು ದಿನದ ಸುತ್ತಾಟಕ್ಕೆ ಅದನ್ನು ಪಣಕ್ಕಿಡಬೇಕೇ ಎಂದು ಗಂಡಹೆಂಡಿರು ಕೂತು ಮಾತಾಡಿ.

ಪ್ರಯಾಣದ ವಿಮೆ ಮಾಡಿಸುವಾಗ ಎಷ್ಟು ವಾರದವರೆಗೆ ಅನ್ವಯ, ಅವಧಿಗೆ ಮೊದಲು ಹೆರಿಗೆಯಾದರೆ ಮಗುವಿನ ಆಸ್ಪತ್ರೆ ಖರ್ಚೂ ಸೇರಿದೆಯೇ ಎಂದು ಕೇಳಿ. ತಾಯಿಯದ್ದು ಮಾತ್ರ ಎಂದರೆ ಆ ಪಾಲಿಸಿ ಬೇಡ. ಯುರೋಪಿನಲ್ಲಿ ಸರ್ಕಾರಿ ಚಿಕಿತ್ಸೆಗೆಂದು ಯುಕೆ ಕೊಡುವ ಜಿಎಚ್‌ಐಸಿ ಕಾರ್ಡು ವಿಮೆಯ ಬದಲಿ ಅಲ್ಲ. ವೀಸಾದ ಮೇಲೆ ಇರುವವರು ತಮಗೆ ಆ ಕಾರ್ಡು ಸಿಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಯಾವ ದಾರಿಯೂ ಬೇಡ ಎನ್ನಬೇಕಾದವರು ಇದ್ದಾರೆ. ಅವಳಿ ಮಕ್ಕಳಿರುವವರು, ಮಾಸು ಕೆಳಗಿದೆ ಎಂದು ಸ್ಕ್ಯಾನ್‌ನಲ್ಲಿ ಬಂದವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಹಿಂದಿನ ಹೆರಿಗೆ ಬೇಗ ಆದವರು, ಬಿಪಿ ಏರಿದವರು, ಈ ಬಸಿರಿನಲ್ಲಿ ರಕ್ತಸ್ರಾವ ಆದವರು. ಇವರಿಗೆ 28 ವಾರಕ್ಕೇ ಆದರೂ ಫೆರಿ ಬೇಡ.

ಹಡಗೇ ಎಂದು ನಿರ್ಧರಿಸಿದರೆ

ಪತ್ರವನ್ನು 28 ವಾರ ಆದವರೆಲ್ಲ ತೆಗೆದುಕೊಂಡೇ ಹೋಗಿ, ಕಂಪನಿ ಕೇಳದಿದ್ದರೂ. ಹೆರಿಗೆ ದಿನಾಂಕ, ಒಂದೇ ಮಗು ಎಂಬುದು, ತೊಂದರೆ ಇಲ್ಲ ಎಂಬುದು, ಹೋಗುವ ಮತ್ತು ಬರುವ ಎರಡೂ ತಾರೀಖು ಅದರಲ್ಲಿರಲಿ. ಎರಡು ಪ್ರತಿ ಇಟ್ಟುಕೊಳ್ಳಿ. ಬಸಿರಿನ ದಾಖಲೆ ಫೋನಿನ ಆ್ಯಪ್‌ನಲ್ಲಿದ್ದರೆ ಮುಖ್ಯವಾದದ್ದನ್ನು ಕಾಗದದಲ್ಲೂ ಬರೆದಿಟ್ಟುಕೊಳ್ಳಿ, ನಡುನೀರಿನಲ್ಲಿ ಆ್ಯಪ್ ತೆರೆಯದೇ ಇರಬಹುದು.

ಚೆಕ್-ಇನ್‌ನಲ್ಲೇ "ಬಸುರಿ, ಮೆಟ್ಟಿಲು ಹತ್ತಲು ಕಷ್ಟ" ಎಂದರೆ ಕಾರನ್ನು ಲಿಫ್ಟ್ ಹತ್ತಿರ ನಿಲ್ಲಿಸಲು ವ್ಯವಸ್ಥೆ ಮಾಡುತ್ತಾರೆ. ಹೇಳದಿದ್ದರೆ ಕಾರುಗಳ ಸಂದಿಯಲ್ಲಿ ಹೊಟ್ಟೆ ತೂರಿಸಿಕೊಂಡು ಕಿರಿದಾದ ಕಬ್ಬಿಣದ ಮೆಟ್ಟಿಲು ಹತ್ತಬೇಕು. ಕಾರಿಗೆ ಮತ್ತೆ ಹೋಗಲಾಗದ್ದರಿಂದ ಔಷಧಿ, ದಾಖಲೆ, ದಿಂಬು, ನೀರು, ಒಂದು ಜೊತೆ ಬಟ್ಟೆ ಎಲ್ಲ ಕೈಚೀಲದಲ್ಲಿರಲಿ.

ಕೂರುವುದು ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗಿನ ಮಹಡಿಯಲ್ಲಿ. ಮುಂಭಾಗದ ದೊಡ್ಡ ಗಾಜಿನ ಹತ್ತಿರ ನೋಟ ಚೆನ್ನಾಗಿರುತ್ತದೆ, ಓಲಾಟವೂ ಅಲ್ಲೇ ಜಾಸ್ತಿ. ಫೋನ್ ನೋಡಬೇಡಿ, ದೂರದ ದಿಗಂತ ನೋಡಿ. ಊರಿಂದ ತಂದ ವಾಂತಿ ಮಾತ್ರೆ ಡಬ್ಬಿಯಲ್ಲಿದೆ ಎಂದು ನುಂಗಬೇಡಿ. ಬಸಿರಿನಲ್ಲಿ ಯಾವುದು ಆಗುತ್ತದೆ ಎಂದು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ನನಗೆ ಶುಂಠಿ ತುಂಡು ಮತ್ತು ಒಣ ಚುರುಮುರಿ ಸಾಕಾಯಿತು. ನಡೆಯುವಾಗ ಕಂಬಿ ಹಿಡಿದೇ ನಡೆಯಿರಿ. ಈ ತಿಂಗಳಲ್ಲಿ ತೂಕದ ಸಮತೋಲ ತಪ್ಪಿರುತ್ತದೆ, ಬೀಳುವ ಭಯವೇ ದೊಡ್ಡದು.

ಸಸ್ಯಾಹಾರಿಗಳಿಗೆ ಹಡಗಿನಲ್ಲಿ ಚಿಪ್ಸ್ ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ, ಬುತ್ತಿ ಬೇಕೇ ಬೇಕು. ಆದರೆ ಬ್ರೆಕ್ಸಿಟ್ ನಂತರ ಇಲ್ಲಿಂದ ಯುರೋಪ್ ಒಕ್ಕೂಟದ ದೇಶಗಳಿಗೆ ಹಾಲು, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಮೊಸರನ್ನವನ್ನು ಹಡಗಿನಲ್ಲೇ ಮುಗಿಸಿ ಇಳಿಯಿರಿ. ಪುಳಿಯೋಗರೆಗೆ ಅಡ್ಡಿಯಿಲ್ಲ.

ಬಂದರಿನವರೆಗಿನ ಕಾರಿನ ದಾರಿಯೂ ಪ್ರಯಾಣವೇ. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ, ಮೇಲುಪಟ್ಟಿ ಎದೆಯ ನಡುವೆ ಬರಲಿ. ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಿ. ಹಡಗು ಹತ್ತುವ ಮೊದಲು ಒಂದು ಕಡೆ ಸುಮ್ಮನೆ ಕೂತು ಮಗುವಿನ ಒದೆತ ಗಮನಿಸಿ. ಎಂದಿನಂತಿಲ್ಲ ಅನ್ನಿಸಿದರೆ, ಬಿಟ್ಟುಬಿಟ್ಟು ನೋವು ಬರುತ್ತಿದ್ದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ನೀರೋ ರಕ್ತವೋ ಕಂಡರೆ ಹತ್ತಬೇಡಿ. ಟಿಕೆಟ್ ದುಡ್ಡು ಹೋದರೆ ಹೋಗಲಿ. ಹಡಗು ಹೊರಟ ಮೇಲೆ ಹಾಗಾದರೆ ಸಂಕೋಚ ಬಿಟ್ಟು ತಕ್ಷಣ ಸಿಬ್ಬಂದಿಗೆ ಹೇಳಿ, ದಡ ಬರಲಿ ಎಂದು ಕಾಯಬೇಡಿ.

ಎರಡನೇ ಸಲ ನಾನು ಬಸುರಿಯಾದಾಗ ನವೆಂಬರ್ ತಿಂಗಳು, 29 ವಾರ. ಅಕ್ಕ ಮತ್ತೆ ಕರೆದಳು. ಈ ಸಲ ಕ್ಯಾಲೆಂಡರ್ ಮುಂದಿಟ್ಟುಕೊಂಡು ವಾಪಸ್ ದಿನದಿಂದ ಹಿಂದಕ್ಕೆ ಎಣಿಸಿದೆ, ಗಾಳಿಯ ತಿಂಗಳು ಎಂದು ನೋಡಿದೆ, ಆಗುವುದಿಲ್ಲ ಎಂದೆ. ಅವಳೇ ಮಕ್ಕಳನ್ನು ಕಟ್ಟಿಕೊಂಡು ವೀಸಾ ಮಾಡಿಸಿ ಬಂದಳು. ಎರಡು ಡಜನ್ ಹಸಿರು ಬಳೆ, ಒಂದು ಸೀರೆ ತಂದಿದ್ದಳು. ಹೋಳಿಗೆಯನ್ನು ನಮ್ಮ ಅಡುಗೆಮನೆಯಲ್ಲೇ ಬೇಯಿಸಿದಳು. ನಾನು ಕುರ್ಚಿಯಲ್ಲಿ ಕೂತು ಹೂರಣ ಉಂಡೆ ಕಟ್ಟಿಕೊಟ್ಟೆ.